ಕೊಂಡ ಕಾರ್ಡಿಗೆ ಒಡೆಯರು ಯಾರು?

ಒಂದೇ ಗಣಕಯಂತ್ರದೊಳಗೆ ಹಲವು ಗಣಕಗಳನ್ನು ನಡೆಸುವ ವಿದ್ಯೆ ಹೊಸತಲ್ಲ. ಯಂತ್ರವೊಂದರ ಬೆಲೆ ಲಕ್ಷಾಂತರ ಡಾಲರುಗಳಷ್ಟಿದ್ದ ಕಾಲದಲ್ಲಿ, 1972ರಲ್ಲಿ, ಐಬಿಎಂ ಸಂಸ್ಥೆಯು ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಒಂದು ಯಂತ್ರವನ್ನು ಹಲವರು ಬಳಸುತ್ತಿದ್ದರೂ ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎನಿಸುವಂತೆ ಅದು ಮಾಡಿತು. ಇಂತಹ ಕಾಲ್ಪನಿಕ ಗಣಕಗಳಿಗೆ ವರ್ಚುವಲ್ ಮೆಷಿನ್ ಎಂದು ಹೆಸರು. ಹಂಚಿಕೆಯನ್ನು ನೋಡಿಕೊಳ್ಳುವ ತಂತ್ರಾಂಶ ಹೈಪರ್‌ವೈಸರ್. ಕೆರೆಯ ತೂಬು ತೆರೆದು ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿಯ ಕೆಲಸವೇ ಅದರದು.

ಪ್ರೊಸೆಸರ್, ಸ್ಮರಣಕೋಶ, ಡಿಸ್ಕುಗಳನ್ನು ಹೀಗೆ ಹಂಚುವುದು ಇಂದು ಸರ್ವೇಸಾಮಾನ್ಯ. ಆದರೆ ಗ್ರಾಫಿಕ್ಸ್ ಕಾರ್ಡಿನ ಬಳಿ ಬಂದಾಗ ನೀರುಗಂಟಿಯ ಕೈ ಕಟ್ಟಿಹೋಗುತ್ತದೆ. ಕೃತಕ ಬುದ್ಧಿಮತ್ತೆಯ ಈ ಯುಗದಲ್ಲಿ ಗಣಕಯಂತ್ರದ ಅತ್ಯಂತ ದುಬಾರಿ ಭಾಗವೇ ಈ ಕಾರ್ಡು ಆಗಿರುವುದರಿಂದ ಪ್ರಶ್ನೆ ಕೇವಲ ತಾಂತ್ರಿಕವಾದುದಲ್ಲ. ಅರ್ಥಶಾಸ್ತ್ರಕ್ಕೂ ಸಾರ್ವಜನಿಕ ಹಣಕ್ಕೂ ಸಂಬಂಧಿಸಿದುದು.

ತಾಂತ್ರಿಕ ತೊಡಕು ಇಲ್ಲವೆಂದಲ್ಲ. ಕಾರ್ಡು ಮೊದಲಿನಿಂದಲೂ ಒಬ್ಬ ಯಜಮಾನನನ್ನು ನಂಬಿ ರೂಪುಗೊಂಡ ಸಾಧನ. ಅದನ್ನು ಹಂಚಿಕೊಳ್ಳಲು ಮುಖ್ಯವಾಗಿ ಮೂರು ದಾರಿಗಳಿವೆ. ಇಡೀ ಕಾರ್ಡನ್ನು ಒಂದು ವರ್ಚುವಲ್ ಮೆಷಿನ್‌ಗೆ ಒಪ್ಪಿಸಿಬಿಡುವುದು ಮೊದಲನೆಯದು. ವೇಗಕ್ಕೆ ಕುಂದಿಲ್ಲ, ಆದರೆ ಆ ಅವಧಿಯಲ್ಲಿ ಮೂಲ ಗಣಕಕ್ಕೇ ಆ ಕಾರ್ಡು ದಕ್ಕದು. ಎರಡನೆಯದು, ವರ್ಚುವಲ್ ಮೆಷಿನ್‌ನ ಚಿತ್ರಣದ ಆದೇಶಗಳನ್ನು ತಂತ್ರಾಂಶದ ಮೂಲಕ ಮೂಲ ಗಣಕಕ್ಕೆ ರವಾನಿಸುವುದು. ಎಲ್ಲರಿಗೂ ಪಾಲು ಸಿಗುತ್ತದೆ, ವೇಗ ಸೊರಗುತ್ತದೆ. ಮೂರನೆಯದು, ಕಾರ್ಡನ್ನೇ ಪಾಲುಮಾಡುವುದು. ಇದಕ್ಕೆ ನೆರವಾಗುವ ಎಸ್ಆರ್-ಐಒವಿ ಎಂಬ ಮಾನಕ 2007ರಲ್ಲೇ ಸಿದ್ಧವಾಗಿದೆ. ಎನ್‌ವಿಡಿಯಾದ 2020ರ ಎ100 ಕಾರ್ಡನ್ನು ಏಳು ಪ್ರತ್ಯೇಕ ಭಾಗಗಳಾಗಿ ವಿಂಗಡಿಸಬಹುದು.

ಹಾಗಾದರೆ ಅಡ್ಡಿ ಎಲ್ಲಿದೆ? ಬಹುಮಟ್ಟಿಗೆ ಪರವಾನಗಿಯಲ್ಲಿ. ಎನ್‌ವಿಡಿಯಾ ಸಂಸ್ಥೆಯು ಕಾರ್ಡನ್ನು ಪಾಲುಮಾಡುವ ತಂತ್ರಾಂಶವನ್ನು ದುಬಾರಿ ಕಾರ್ಡುಗಳಿಗಷ್ಟೇ ಮೀಸಲಿಟ್ಟು, ಕಚೇರಿ ಬಳಕೆಯ ಆವೃತ್ತಿಗಳಿಗೆ ಏಕಕಾಲದ ಬಳಕೆದಾರರ ಸಂಖ್ಯೆಗೆ ಅನುಗುಣವಾಗಿ ಪ್ರತ್ಯೇಕ ಶುಲ್ಕ ವಿಧಿಸುತ್ತದೆ. ಪರವಾನಗಿ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ವೇಗ ತಾನಾಗಿ ಕುಗ್ಗುತ್ತದೆ. ಜನಸಾಮಾನ್ಯರು ಕೊಳ್ಳುವ ಜೀಫೋರ್ಸ್ ಕಾರ್ಡುಗಳ ಚಾಲಕ ತಂತ್ರಾಂಶವಂತೂ ವರ್ಚುವಲ್ ಮೆಷಿನ್‌ನ ಸುಳಿವು ಸಿಕ್ಕೊಡನೆ ಕೆಲಸ ನಿಲ್ಲಿಸುತ್ತಿತ್ತು. 2021ರಲ್ಲಿ ಸಂಸ್ಥೆ ಈ ನಿರ್ಬಂಧವನ್ನು ಸಡಿಲಿಸಿತಾದರೂ ಒಂದು ಕಾರ್ಡಿಗೆ ಒಂದೇ ವರ್ಚುವಲ್ ಮೆಷಿನ್ ಎಂಬ ಮಿತಿ ಹಾಕಿತು. ಅದೇ ವರ್ಷ ಹವ್ಯಾಸಿ ತಂತ್ರಜ್ಞರು ಕೆಲವು ಸಾಧಾರಣ ಕಾರ್ಡುಗಳನ್ನೂ ಪಾಲುಮಾಡಿ ತೋರಿಸಿದರು. ಸಾಮರ್ಥ್ಯ ಕಾರ್ಡಿನೊಳಗೇ ಇತ್ತು; ಬೀಗ ಮಾತ್ರ ಹೊರಗಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ತಂತ್ರ ಅಪರಿಚಿತವಲ್ಲ. ಫ್ರಾನ್ಸಿನ ರೈಲುಗಳಲ್ಲಿ ಮೂರನೇ ದರ್ಜೆಯ ಬೋಗಿಗಳಿಗೆ ಛಾವಣಿ ಇಲ್ಲದಿರುವುದಕ್ಕೆ ಕಾರಣ ಛಾವಣಿಯ ಖರ್ಚಲ್ಲ, ಎರಡನೇ ದರ್ಜೆಯ ದರ ತೆರಬಲ್ಲವರು ಮೂರನೆಯದರಲ್ಲಿ ಪಯಣಿಸದಂತೆ ತಡೆಯುವುದು ಎಂದು ಇಂಜಿನಿಯರ್ ಜೂಲ್ ದ್ಯೂಪ್ವಿ 1849ರಲ್ಲೇ ಗುರುತಿಸಿದ್ದರು. 1990ರಲ್ಲಿ ಐಬಿಎಂ ತನ್ನ ಲೇಸರ್ ಮುದ್ರಕವೊಂದರ ವೇಗವನ್ನು ಬೇಕೆಂದೇ ನಿಮಿಷಕ್ಕೆ 10 ಪುಟಗಳಿಂದ 5ಕ್ಕೆ ಇಳಿಸಿ ಅಗ್ಗದ ಮಾದರಿಯೆಂದು ಮಾರಿತು.

ತಯಾರಕರ ವಾದವನ್ನೂ ಆಲಿಸಬೇಕು. ಸಂಶೋಧನೆಯ ಅಪಾರ ವೆಚ್ಚವನ್ನು ಯಾರಿಂದಲಾದರೂ ವಸೂಲು ಮಾಡಲೇಬೇಕು. ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ಹೆಚ್ಚು ತೆತ್ತರೆ ವಿದ್ಯಾರ್ಥಿಗೆ ಕಾರ್ಡು ಅಗ್ಗವಾಗಿ ದೊರೆಯುತ್ತದೆ. ಈ ವಾದದಲ್ಲಿ ಹುರುಳಿದೆ. ಆದರೆ ಸ್ಪರ್ಧೆ ಇರುವಲ್ಲಿ ಮಾತ್ರ ಅದು ನಿಲ್ಲುತ್ತದೆ. ಇಂಟೆಲ್ 2022ರಲ್ಲಿ ಫ್ಲೆಕ್ಸ್ ಸರಣಿಯ ಕಾರ್ಡುಗಳಲ್ಲಿ ಪಾಲುಮಾಡುವ ಸೌಲಭ್ಯವನ್ನು ಪ್ರತ್ಯೇಕ ಶುಲ್ಕವಿಲ್ಲದೆ ನೀಡಿತು. ಆದ್ದರಿಂದ ಶುಲ್ಕವು ತಂತ್ರಜ್ಞಾನದ ಅನಿವಾರ್ಯತೆಯಲ್ಲ, ಮಾರುಕಟ್ಟೆಯ ಬಲದ ಫಲ.

ನಮಗೆ ಇದು ಏಕೆ ಮುಖ್ಯ? ಕೇಂದ್ರ ಸಚಿವ ಸಂಪುಟ 2024ರ ಮಾರ್ಚ್‌ನಲ್ಲಿ ₹10,372 ಕೋಟಿಯ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ನೀಡಿತು. 2025ರ ಜನವರಿಯಲ್ಲಿ 18,693 ಗ್ರಾಫಿಕ್ಸ್ ಪ್ರೊಸೆಸರ್‌ಗಳನ್ನು ಒದಗಿಸಲಾಗುವುದೆಂದು ಪ್ರಕಟಿಸಲಾಯಿತು. ಇವನ್ನು ಹಲವರಿಗೆ ಹಂಚುವ ಆಶಯ ಸ್ತುತ್ಯ. ಆದರೆ ಕಾಲೇಜು, ಸಂಶೋಧನಾಲಯ, ಕಚೇರಿಗಳು ತಾವಾಗಿ ಕೊಳ್ಳುವಾಗ ಏನಾಗುತ್ತದೆ? ಟೆಂಡರಿನಲ್ಲಿ ಕಾರ್ಡಿನ ಬೆಲೆಯನ್ನಷ್ಟೇ ಹೋಲಿಸಿದರೆ, ಮೂವತ್ತು ವಿದ್ಯಾರ್ಥಿಗಳು ಹಂಚಿಕೊಳ್ಳಬಹುದಾದ ಸಾಧನ ಒಬ್ಬರ ಮೇಜಿನ ಮೇಲೆ ಉಳಿದುಬಿಡುತ್ತದೆ. ಎಲ್ಲರಿಗೂ ಒಂದೊಂದು ಕಾರ್ಡು ಕೊಂಡರಂತೂ ಬಹುಪಾಲು ದಿನದ ಹೆಚ್ಚು ಹೊತ್ತು ಸುಮ್ಮನಿರುತ್ತವೆ.

ಪರಿಹಾರ ಕಷ್ಟವೇನಲ್ಲ. ಮೊದಲನೆಯದಾಗಿ, ಬೆಲೆಯ ಹೋಲಿಕೆಯಲ್ಲಿ ಕನಿಷ್ಠ ಐದು ವರ್ಷಗಳ ಪರವಾನಗಿ ಶುಲ್ಕವನ್ನೂ ಸೇರಿಸಬೇಕು. ಎರಡನೆಯದಾಗಿ, ಮುಕ್ತ ಮಾನಕಗಳಂತೆ ಪಾಲುಮಾಡಬಲ್ಲ ಸಾಧನಗಳಿಗೆ ಆದ್ಯತೆ ನೀಡಬೇಕು. ಮೂರನೆಯದಾಗಿ, ಪರವಾನಗಿ ಮುಗಿದ ಮರುದಿನ ಯಂತ್ರ ಏನಾಗುತ್ತದೆಂಬುದನ್ನು ಮಾರಾಟಗಾರರು ಲಿಖಿತವಾಗಿ ತಿಳಿಸಬೇಕು.

ಸರ್ಕಾರವು ದೊಡ್ಡ ಗ್ರಾಹಕ. ಇಂತಹ ಗ್ರಾಹಕ ಷರತ್ತು ವಿಧಿಸಿದರೆ ಮಾರುಕಟ್ಟೆ ಕಿವಿಗೊಡುತ್ತದೆ. ಜನರ ತೆರಿಗೆಯಿಂದ ಕೊಂಡ ಸಾಧನವನ್ನು ಎಷ್ಟು ಜನ ಬಳಸಬೇಕೆಂಬ ನಿರ್ಧಾರ ಮಾರಿದವರ ಕೈಯಲ್ಲಲ್ಲ, ಕೊಂಡವರ ಕೈಯಲ್ಲಿರಬೇಕು.