ಮೊದಲು ಚಕ್ರ ನೆಟ್ಟಗಾಗಲಿ: ಹಳೆಯ ಗಾಲ್ಫ್ ಗಾಡಿಯ ಉಪಚಾರ

ಗಾಲ್ಫ್ ಆಟವನ್ನು ಕಣ್ಣಾರೆ ಕಾಣದವರೂ ಗಾಲ್ಫ್ ಗಾಡಿಯನ್ನು ಚಿತ್ರದಲ್ಲಿಯಾದರೂ ಕಂಡಿರುತ್ತಾರೆ. ನಾಲ್ಕು ಪುಟ್ಟ ಚಕ್ರ, ತಲೆಯ ಮೇಲೊಂದು ಚಾವಣಿ, ಇಬ್ಬರಿಗೆ ಆಸನ, ಹಿಂಬದಿಯಲ್ಲಿ ಆಟದ ಕೋಲುಗಳ ಚೀಲ. ಅದರ ಸಂಪತ್ತೆಲ್ಲ ಇಷ್ಟೇ. ಆದರೆ ಹುಟ್ಟಿ ಬೆಳೆದ ಅಮೆರಿಕದಲ್ಲಿ ಈ ಗಾಡಿ ಆಟದ ಮೈದಾನದ ಬೇಲಿಯನ್ನು ದಾಟಿ ಬಹುಕಾಲವಾಯಿತು. ಜಾರ್ಜಿಯಾ ಸಂಸ್ಥಾನದ ಪೀಚ್‌ಟ್ರೀ ಸಿಟಿ ಎಂಬ ಊರಿನಲ್ಲಿ ಇಂತಹ ಗಾಡಿಗಳು ಓಡಾಡುವುದಕ್ಕೆಂದೇ ಸುಮಾರು 160 ಕಿಲೋಮೀಟರು ಉದ್ದದ ಹಾದಿಗಳಿವೆ. ಅಲ್ಲಿ ಗೃಹಿಣಿಯರು ಅಂಗಡಿಗೆ ಹೋಗುವುದೂ ಹೈಸ್ಕೂಲು ವಿದ್ಯಾರ್ಥಿಗಳು ಶಾಲೆಗೆ ಹೋಗುವುದೂ ಈ ಗಾಡಿಯಲ್ಲಿಯೇ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರಲ್ಲಿ ಕೆಲವರಾದರೂ ಈ ಸೋಜಿಗವನ್ನು ಕಂಡಿರಬಹುದು.

ಇಂದಿನ ಗಾಡಿಗಳಲ್ಲಿ ಬಹಳಷ್ಟು ವಿದ್ಯುತ್ತಿನಿಂದ ಓಡತಕ್ಕವು. ಆದರೆ ಹಳೆಯ ಪೆಟ್ರೋಲು ಗಾಡಿಗಳ ಮೇಲಿನ ಮೋಹ ಜನರನ್ನು ಇನ್ನೂ ಬಿಟ್ಟಿಲ್ಲ. ಇ-ಝಡ್-ಗೋ ಕಂಪೆನಿ 1954ರಲ್ಲಿ ಜಾರ್ಜಿಯಾದ ಆಗಸ್ಟಾ ನಗರದಲ್ಲಿ ಪ್ರಾರಂಭವಾಯಿತು. ಮೋಟಾರ್ ಸೈಕಲ್ಲುಗಳಿಗೆ ಹೆಸರಾದ ಹಾರ್ಲೆ-ಡೇವಿಡ್‌ಸನ್ ಕಂಪೆನಿಯೂ 1963ರಿಂದ 1982ರ ವರೆಗೆ ಗಾಲ್ಫ್ ಗಾಡಿಗಳನ್ನು ತಯಾರಿಸಿತೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಜಪಾನಿನ ಯಮಾಹಾ 1970ರ ದಶಕದ ಕೊನೆಯಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟಿತು. ಇಂತಹ ಮುದಿ ಗಾಡಿಗಳನ್ನು ಕಡಿಮೆ ಬೆಲೆಗೆ ಕೊಂಡು, ರಜೆಯ ದಿನಗಳಲ್ಲಿ ತಂದೆ ಮಕ್ಕಳು ಕೂಡಿ ದುರಸ್ತಿ ಮಾಡುವುದು ಅಲ್ಲಿಯ ಅನೇಕ ಕುಟುಂಬಗಳಲ್ಲಿ ಒಂದು ವಿನೋದವೇ ಆಗಿದೆ.

ಗಾಡಿ ಮನೆಗೆ ಬಂದೊಡನೆ ಏಳುವ ದೂರುಗಳು ಎರಡು. ಚುಕ್ಕಾಣಿ ಕೈಯಲ್ಲಿ ನಿಲ್ಲದೆ ಗಾಡಿ ಅತ್ತಿತ್ತ ಓಲಾಡುತ್ತದೆ ಎಂಬುದು ಒಂದು. ವೇಗ ಸಾಲದು ಎಂಬುದು ಮತ್ತೊಂದು. ಉತ್ಸಾಹಿ ತರುಣರು ಎರಡನೆಯ ದೂರಿಗೆ ಮೊದಲು ಕೈಹಾಕುತ್ತಾರೆ. ಆಪತ್ತಿನ ಮೂಲ ಅಲ್ಲಿಯೇ ಇದೆ. ನೆಟ್ಟಗೆ ಓಡಲಾರದ ಗಾಡಿಗೆ ವೇಗವನ್ನು ಕೊಡುವುದೆಂದರೆ ತೂರಾಡುವವನನ್ನು ಓಡು ಎಂದು ಹಿಂದಿನಿಂದ ನೂಕಿದಂತೆ.

ಚಕ್ರಗಳ ಜಗಳ

ಮುಂದಿನ ಎರಡು ಚಕ್ರಗಳು ಒಂದೇ ಕಡೆಗೆ ಮುಖಮಾಡಿರಬೇಕು. ಹಾಗಿಲ್ಲದಿದ್ದರೆ 'ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು' ಎಂಬ ಗಾದೆ ಅಕ್ಷರಶಃ ನಿಜವಾಗುತ್ತದೆ. ಒಂದು ಚಕ್ರ ಎಡಕ್ಕೂ ಮತ್ತೊಂದು ಬಲಕ್ಕೂ ಎಳೆಯುತ್ತ, ಟೈರುಗಳು ಉರುಳುವುದರ ಜೊತೆಗೆ ನೆಲಕ್ಕೆ ಅಡ್ಡಡ್ಡಲಾಗಿ ಉಜ್ಜಿಕೊಳ್ಳುತ್ತವೆ. ಲೆಕ್ಕ ಮಾಡಿ ನೋಡೋಣ. ಟೈರಿನ ವ್ಯಾಸ 450 ಮಿಲಿಮೀಟರು ಎಂದಿಟ್ಟುಕೊಳ್ಳಿ. ಎರಡು ಟೈರುಗಳ ನಡುವಣ ಅಂತರ ಹಿಂಬದಿಗಿಂತ ಮುಂಬದಿಯಲ್ಲಿ 25 ಮಿಲಿಮೀಟರು ಹೆಚ್ಚಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಒಂದೊಂದು ಚಕ್ರವೂ ಸುಮಾರು 28 ಮೀಟರಿನಷ್ಟು ಅಡ್ಡಕ್ಕೆ ತೇಯುತ್ತದೆ! ಟೈರು ಸವೆಯುವುದಲ್ಲದೆ ಎಂಜಿನಿನ ಶಕ್ತಿಯೂ ಈ ಜಗಳದಲ್ಲಿ ಪೋಲಾಗುತ್ತದೆ. ಹೀಗೆ ಮೊದಲನೆಯ ದೂರು ಎರಡನೆಯದಕ್ಕೂ ಒಂದು ಕಾರಣವಾಗಬಲ್ಲುದು.

ಅಳತೆಗೆ ಮುನ್ನ ಸಡಿಲವಾದ ಭಾಗಗಳನ್ನು ಹುಡುಕಬೇಕು. ಬೀಗದ ಕೈಯನ್ನು ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟ ಬಳಿಕ ಮುಂಭಾಗವನ್ನು ಜಾಕಿಯಿಂದ ಎತ್ತಿ ಭದ್ರವಾದ ಆಸರೆಯ ಮೇಲೆ ನಿಲ್ಲಿಸಿರಿ. ಚಕ್ರದ ಮೇಲ್ಗಡೆ ಕೆಳಗಡೆ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಬೇರಿಂಗೋ ಕಿಂಗ್‌ಪಿನ್ನಿನ ಬುಷ್ಷೋ ಸವೆದಿದೆ. ಎಡಬಲಗಳಲ್ಲಿ ಹಿಡಿದಾಗ ಅಲ್ಲಾಡಿದರೆ ಚಕ್ರಗಳನ್ನು ಚುಕ್ಕಾಣಿಗೆ ಸೇರಿಸುವ ಟೈ ರಾಡಿನ ತುದಿಗಳನ್ನು ಪರೀಕ್ಷಿಸತಕ್ಕದ್ದು. ಸವೆದುದನ್ನು ಬದಲಾಯಿಸದೆ ಅಳತೆ ಹಿಡಿಯುವುದು ವ್ಯರ್ಥ. ಇಂದು ಕೂಡಿಸಿದ್ದು ನಾಳೆ ತಪ್ಪುತ್ತದೆ.

ಅನಂತರ ಗಾಡಿಯನ್ನು ಸಮತಟ್ಟಾದ ನೆಲಕ್ಕೆ ಇಳಿಸಿ, ಮುಂದಿನ ಟೈರುಗಳೆರಡರಲ್ಲಿಯೂ ಗಾಳಿಯನ್ನು ಸಮವಾಗಿ ತುಂಬಿ, ಚುಕ್ಕಾಣಿಯನ್ನು ನೇರವಾಗಿಡಿ. ಚಕ್ರದ ನಡುಗುಂಬದ ಎತ್ತರಕ್ಕೆ ಸರಿಯಾಗಿ, ಟೈರುಗಳ ಮುಂಬದಿಯಲ್ಲಿ, ನಟ್ಟನಡುವೆ ಸೀಮೆಸುಣ್ಣದಿಂದ ಒಂದೊಂದು ಗುರುತು ಹಾಕಿ, ಗುರುತುಗಳ ನಡುವಣ ಅಂತರವನ್ನು ಅಳೆಯಿರಿ. ಬಳಿಕ ಅದೇ ಗುರುತುಗಳು ಹಿಂಬದಿಗೆ, ಅದೇ ಎತ್ತರಕ್ಕೆ ಬರುವಂತೆ ಗಾಡಿಯನ್ನು ಮುಂದಕ್ಕೆ ತಳ್ಳಿ ಮತ್ತೊಮ್ಮೆ ಅಳೆಯಿರಿ. ಅದೇ ಗುರುತನ್ನು ಎರಡು ಸಲವೂ ಬಳಸುವುದರಿಂದ ಟೈರಿನ ಡೊಂಕು ಲೆಕ್ಕವನ್ನು ಕೆಡಿಸುವುದಿಲ್ಲ. ಮುಂದಿನ ಅಳತೆ ಹಿಂದಿನದಕ್ಕಿಂತ ಸುಮಾರು 3 ಮಿಲಿಮೀಟರು ಕಡಿಮೆಯಿದ್ದರೆ ಅನೇಕ ಗಾಡಿಗಳಿಗೆ ಅದು ಸರಿಯಾದ ಸ್ಥಿತಿ. ಓಡುವಾಗ ನೆಲದ ತಡೆ ಚಕ್ರಗಳನ್ನು ಹೊರಕ್ಕೆ ತಿರುಗಿಸಲು ನೋಡುವುದರಿಂದ ನಿಂತಾಗ ಅವು ಕೊಂಚ ಒಳಮುಖವಾಗಿರಬೇಕು. ಆಯಾ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ.

ವ್ಯತ್ಯಾಸ ಕಂಡರೆ ಟೈ ರಾಡಿನ ಲಾಕ್ ನಟ್ಟುಗಳನ್ನು ಸಡಿಲಿಸಿ ರಾಡನ್ನು ತಿರುಗಿಸಬೇಕು. ಅನೇಕ ಗಾಡಿಗಳಲ್ಲಿ ಅದರ ಒಂದು ತುದಿಯ ಮರೆ ಬಲಕ್ಕೂ ಇನ್ನೊಂದರದು ಎಡಕ್ಕೂ ಇರುತ್ತದೆ. ಆದುದರಿಂದ ರಾಡು ತಿರುಗಿದಂತೆ ಎರಡು ತುದಿಗಳೂ ಒಟ್ಟಿಗೆ ಹತ್ತಿರವಾಗುತ್ತವೆ ಅಥವಾ ದೂರವಾಗುತ್ತವೆ. ಒಂದು ಸಲಕ್ಕೆ ಅರ್ಧ ಸುತ್ತು ಸಾಕು. ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ ಮತ್ತೆ ಅಳೆದು, ಸರಿಯಾದ ಮೇಲೆ ನಟ್ಟುಗಳನ್ನು ಬಿಗಿಮಾಡಬೇಕು.

ಅಡಗಿರುವ ವೇಗ

ಇಂತಹ ಗಾಡಿ ಹೊಸದಾಗಿದ್ದಾಗ ಸಾಮಾನ್ಯವಾಗಿ ಗಂಟೆಗೆ 19ರಿಂದ 24 ಕಿಲೋಮೀಟರು ಓಡುತ್ತಿತ್ತು. ಅದೀಗ 14ಕ್ಕೆ ಇಳಿದಿದ್ದರೆ ಹೊಸ ವೇಗವನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಕಳೆದುಹೋದುದನ್ನು ಹುಡುಕಿದರೆ ಸಾಕು. ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿರಿ. ಬ್ರೇಕು ಕಚ್ಚಿಕೊಂಡಿದ್ದರೆ ಎಂಜಿನಿನ ದುಡಿಮೆ ಅಲ್ಲಿಯೇ ಸುಟ್ಟುಹೋಗುತ್ತಿರುತ್ತದೆ. ಗಾಳಿ ಸೋಸುವ ಫಿಲ್ಟರು ಧೂಳು ತುಂಬಿರಬಹುದು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರಬಹುದು. ಕಾಲಿನ ಪೆಡಲನ್ನು ಪೂರ್ತಿ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ ಎಂಬುದನ್ನೂ ನೋಡಬೇಕು. ಎಷ್ಟೋ ವೇಳೆ ಕೇಬಲ್ ಜೋಲುಬಿದ್ದಿರುವುದೇ ರೋಗ.

ಇನ್ನು ಬೆಲ್ಟು. ಈ ಗಾಡಿಗಳಲ್ಲಿ ಕಾರಿನಂತಹ ಗೇರುಗಳ ಸಾಲು ಇರುವುದಿಲ್ಲ. ಎಂಜಿನಿಗೆ ಒಂದು, ಹಿಂದಿನ ಅಚ್ಚಿನ ಕಡೆಗೆ ಒಂದು, ಹೀಗೆ ಎರಡು ಗಾಲಿಗಳ ನಡುವೆ ರಬ್ಬರಿನ ಬೆಲ್ಟು ಓಡುತ್ತದೆ. ವೇಗ ಏರಿದಂತೆ ಎಂಜಿನಿನ ಕಡೆಯ ಗಾಲಿಯ ಎರಡು ಹೋಳುಗಳು ಹತ್ತಿರ ಸರಿದು ಬೆಲ್ಟನ್ನು ಅಂಚಿಗೆ ಏರಿಸುತ್ತವೆ. ಸವೆದು ಅಗಲ ಕಡಿಮೆಯಾದ ಬೆಲ್ಟು ಅಷ್ಟು ಎತ್ತರಕ್ಕೆ ಏರಲಾರದು; ಎಂಜಿನು ಎಷ್ಟು ಗರ್ಜಿಸಿದರೂ ಗಾಡಿ ಮಾತ್ರ ನಿಧಾನ. ಹೊಸ ಬೆಲ್ಟೊಂದೇ ಹಳೆಯ ಓಟವನ್ನು ಮರಳಿಸಿದರೆ ಅಚ್ಚರಿಯಿಲ್ಲ.

ಇಷ್ಟಾದ ಮೇಲೂ ತೃಪ್ತಿಯಿಲ್ಲದವರು ಗವರ್ನರಿನ ಕಡೆಗೆ ನೋಡುತ್ತಾರೆ. ಬಹುಪಾಲು ಗಾಡಿಗಳಲ್ಲಿ ಇದು ಹಿಂದಿನ ಅಚ್ಚಿನ ಗೇರುಪೆಟ್ಟಿಗೆಯಲ್ಲಿ ತಿರುಗುವ ತೂಕಗಳ ಮೂಲಕ ವೇಗವನ್ನು ಅರಿತು, ಮಿತಿ ಮೀರಿದಾಗ ಥ್ರಾಟಲನ್ನು ಮುಚ್ಚುವ ಕಾವಲುಗಾರ. ಅದರ ಸ್ಪ್ರಿಂಗಿನ ನಟ್ಟನ್ನು ತುಸು ಬಿಗಿಮಾಡಿದರೆ ಮಿತಿ ತುಸು ಏರುತ್ತದೆ. ಕೆಲವರು ಗವರ್ನರನ್ನೇ ತಂತಿಯಿಂದ ಕಟ್ಟಿಹಾಕುತ್ತಾರೆ. ಇದು ಸರ್ವಥಾ ಸಲ್ಲದು. ಇಳಿಜಾರಿನಲ್ಲಿ ಎಂಜಿನು ಹದ್ದುಮೀರಿ ತಿರುಗಿ ಒಳಗಿನ ಕನೆಕ್ಟಿಂಗ್ ರಾಡೇ ಮುರಿಯಬಹುದು. ದೊಡ್ಡ ಟೈರಿನಿಂದಲೂ ವೇಗ ಹೆಚ್ಚುವುದುಂಟು: 18 ಅಂಗುಲದ ಬದಲು 20 ಅಂಗುಲದ ಟೈರು ಹಾಕಿ, ಎಂಜಿನು ಅಷ್ಟೇ ಸುತ್ತು ತಿರುಗಿದರೆ, ವೇಗ ನೂರಕ್ಕೆ 11ರಷ್ಟು ಏರುತ್ತದೆ, ಆದರೆ ದಿಣ್ಣೆ ಹತ್ತುವ ಕಸುವು ಸುಮಾರು ಅಷ್ಟೇ ಕುಗ್ಗುತ್ತದೆ.

ನಿಲ್ಲುವ ಶಕ್ತಿ

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಹಳೆಯ ಗಾಡಿಗಳಲ್ಲಿ ಬಹುತೇಕವಾಗಿ ಬ್ರೇಕು ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಬಾಗಿಲಿಲ್ಲ, ಎಷ್ಟೋ ಗಾಡಿಗಳಲ್ಲಿ ಸೊಂಟದ ಪಟ್ಟಿಯೂ ಇಲ್ಲ. 24 ಕಿಲೋಮೀಟರಿನ ವೇಗವನ್ನು 36ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಹೆಚ್ಚುವುದು ಎರಡೂಕಾಲು ಪಟ್ಟು. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಮಗುಚಲು ನೋಡುವ ಬಲವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಆಸನದ ಅಂಚಿನಲ್ಲಿ ಕುಳಿತ ಮಗುವಿಗೆ ಈ ಗಣಿತ ತಿಳಿಯದು. ತಿಳಿದಿರಬೇಕಾದವರು ಚುಕ್ಕಾಣಿ ಹಿಡಿದವರು.

ಅಮೆರಿಕದ ಕಾನೂನೂ ಇದನ್ನು ಗಮನಿಸಿದೆ. ಅಲ್ಲಿಯ ಒಕ್ಕೂಟ ಸರ್ಕಾರ 1998ರಲ್ಲಿ ಮಾಡಿದ ನಿಯಮದಂತೆ, ಗಂಟೆಗೆ 20 ಮೈಲಿಗಿಂತ, ಅಂದರೆ ಸುಮಾರು 32 ಕಿಲೋಮೀಟರಿಗಿಂತ, ಹೆಚ್ಚು ಓಡಬಲ್ಲ, ಆದರೆ 25 ಮೈಲಿಯನ್ನು ಮೀರದ ನಾಲ್ಕು ಚಕ್ರದ ಗಾಡಿ ಬೇರೊಂದು ವರ್ಗಕ್ಕೆ ಸೇರುತ್ತದೆ. ಅದಕ್ಕೆ ದೀಪಗಳು, ಕನ್ನಡಿಗಳು, ಮುಂಗಾಜು, ಆಸನಪಟ್ಟಿ ಎಲ್ಲವೂ ಇರಬೇಕು.

ಆದುದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಚಕ್ರ ಮತ್ತು ಚುಕ್ಕಾಣಿ, ಎರಡನೆಯದು ಬ್ರೇಕು, ಮೂರನೆಯದು ಎಂಜಿನು ಮತ್ತು ಬೆಲ್ಟು, ಕಟ್ಟಕಡೆಗೆ ಬೇಕಾದರೆ ಗವರ್ನರು. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ವೇಗಸೂಚಿ ಇರುವುದಿಲ್ಲವೆಂದು ಚಿಂತಿಸಬೇಕಾಗಿಲ್ಲ. ಜನಸಂಚಾರವಿಲ್ಲದ ಸಮತಟ್ಟಾದ ಹಾದಿಯಲ್ಲಿ 100 ಮೀಟರು ಅಳೆದು ಗುರುತುಮಾಡಿ, ಪೂರ್ಣ ವೇಗಕ್ಕೆ ಬಂದ ಗಾಡಿ ಅದನ್ನು ದಾಟುವ ಕಾಲವನ್ನು ಗಡಿಯಾರದಿಂದ ನೋಡಿರಿ. 15 ಸೆಕೆಂಡು ಹಿಡಿದರೆ ವೇಗ ಗಂಟೆಗೆ 24 ಕಿಲೋಮೀಟರು. ಚುಕ್ಕಾಣಿಯ ಮೇಲೆ ಕೈ ಹಗುರವಾಗಿದ್ದೂ ಗಾಡಿ ಆ ನೂರು ಮೀಟರನ್ನು ಗೆರೆ ಎಳೆದಂತೆ ನೇರವಾಗಿ ಓಡಿ, ಬ್ರೇಕು ಒತ್ತಿದೊಡನೆ ವಾಲದೆ ನಿಂತರೆ, ಮುದಿ ಗಾಡಿಗೆ ಅದಕ್ಕಿಂತ ಹೆಚ್ಚಿನ ಯೌವನ ಬೇಕಾಗಿಲ್ಲ.