ಹರಿಗೋಲೂ ಕಿರುಕಣಗಳೂ

ಕಡ್ಡಿರಾಂಪುರದ ಮಾರ್ಗವಾಗಿ ಹಂಪೆಗೆ ಹೋಗಿ ತುಂಗಭದ್ರೆಯನ್ನು ಕಂಡ ವಾಚಕರಿಗೆ ಹರಿಗೋಲು ಹೊಸತಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯೆಸನು, ಒಳಗೆ ಬೆತ್ತ, ಹೊರಗೆ ತೊಗಲುಳ್ಳ ಈ ದುಂಡುದೋಣಿಯಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದರೆಂದು ಬರೆದಿರುವನು. ಇಂದು ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆ, ಡಾಂಬರು. ಯಾವುದಾದರೂ ಹೊರಗಿನ ಕಾವಲೇ. ಅದು ಹರಿಯಿತೋ, ದಾಟುವವರ ಗತಿಯೇನು! ಒಳಗಿನ ಬಿದಿರೂ ನೀರು ಕುಡಿದು ಕೊಳೆಯುವುದು.

ಕಾವಲನ್ನು ಒಳಗೇ ಇರಿಸಲಾದೀತೆ? ಮೀಟರಿನ ನೂರು ಕೋಟಿಯಲ್ಲೊಂದು ಭಾಗ ನ್ಯಾನೊಮೀಟರು. ಕೆಲವು ಹತ್ತು ನ್ಯಾನೊಮೀಟರುಗಳಷ್ಟೇ ಅಗಲದ ಕಣಗಳನ್ನು ದ್ರವದಲ್ಲಿ ಬೆರೆಸಿ ಒತ್ತಡದಿಂದ ಮರಕ್ಕೆ ಹೊಗಿಸಿದರೆ, ಅವು ಕೋಶಗಳ ನಡುವಣ ಕಿರುಗಂಡಿಗಳಲ್ಲಿ ನೆಲಸಿ ನೀರಿನ ಹಾದಿಯನ್ನು ಕಿರಿದುಗೊಳಿಸಬಲ್ಲವು. ಆದರೂ ಕೋಶಭಿತ್ತಿಯ ತೇವದಾಸೆ ಪೂರ್ಣವಾಗಿ ತೊಲಗದು. ಆವಿಯು ಮೆಲ್ಲನೆ ಒಳಸೇರುವುದು. ಬಿದಿರಂತೂ ಹಟಮಾರಿ: ಹೊರಸಿಪ್ಪೆ ನುಣುಪು, ಅಡ್ಡಹಾಯುವ ನಾಳಗಳಿಲ್ಲ, ದ್ರವವು ಬಹುಮಟ್ಟಿಗೆ ಕೊಯ್ದ ತುದಿಯಿಂದಲೇ ಏರಬೇಕು. ಆದುದರಿಂದ ಈ ಉಪಚಾರವನ್ನು ಹೆಣೆದ ಹರಿಗೋಲಿಗಲ್ಲ, ಹೆಣೆಯುವ ಮೊದಲೇ ಸೀಳುಗಳಿಗೆ ಮಾಡತಕ್ಕದ್ದು.