ರೋಗಪೀಡಿತ ಪ್ರದೇಶಗಳ ಮೇಲೆ ಜಗತ್ತಿನ ಕಾವಲು

ಆಫ್ರಿಕ ಖಂಡದ ಕೀನ್ಯಾ ದೇಶದಿಂದ ಭಾರತಕ್ಕೆ ಬಂದಿಳಿಯುವ ಪ್ರಯಾಣಿಕನು ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಹಳದಿ ಬಣ್ಣದ ಒಂದು ಸಣ್ಣ ಪುಸ್ತಿಕೆಯನ್ನು ತೋರಿಸಬೇಕಾಗುತ್ತದೆ. ಹಳದಿ ಜ್ವರದ ಲಸಿಕೆಯನ್ನು ಹಾಕಿಸಿಕೊಂಡು ೧೦ ದಿನಗಳಾದರೂ ಕಳೆದಿವೆಯೆಂಬುದಕ್ಕೆ ಅದು ಪ್ರಮಾಣಪತ್ರ. ಅದಿಲ್ಲದಿದ್ದರೆ, ಆತನು ಎಷ್ಟೇ ಆರೋಗ್ಯವಂತನಂತೆ ಕಂಡರೂ, ೬ ದಿನಗಳವರೆಗೆ ಆತನನ್ನು ಪ್ರತ್ಯೇಕವಾಗಿ ಇರಿಸಬಹುದು. ನೇರವಾಗಿ ಲಂಡನ್ನಿನಿಂದ ಬಂದವನನ್ನು ಯಾರೂ ಈ ಪುಸ್ತಿಕೆಯ ವಿಷಯ ಕೇಳುವುದಿಲ್ಲ. ಈ ಭೇದವೇಕೆ? ಯಾವ ಪ್ರದೇಶದಲ್ಲಿ ರೋಗವಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಗೊತ್ತುಮಾಡುವವರು ಯಾರು? ಇದನ್ನು ವಿಚಾರಿಸೋಣ.

ರೋಗ ಬಂದ ಊರಿನವರನ್ನು ದೂರವಿರಿಸುವ ಪದ್ಧತಿ ಬಹಳ ಹಳೆಯದು. ೧೩೭೭ರಲ್ಲಿ ಏಡ್ರಿಯಾಟಿಕ್ ಕಡಲತೀರದ ರಗೂಸಾ ನಗರವು, ಎಂದರೆ ಇಂದಿನ ಡುಬ್ರೊವ್ನಿಕ್, ಪ್ಲೇಗು ಪೀಡಿತ ಸ್ಥಳಗಳಿಂದ ಬಂದವರು ಒಂದು ತಿಂಗಳು ಹೊರಗಿದ್ದು ಆಮೇಲೆ ಊರನ್ನು ಹೊಗತಕ್ಕದ್ದೆಂದು ವಿಧಿಸಿತು. ಮುಂದೆ ಈ ಮೂವತ್ತು ದಿನ ನಲವತ್ತಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತು ಎಂಬರ್ಥದ ಮಾತಿನಿಂದಲೇ ‘ಕ್ವಾರಂಟೈನ್’ ಎಂಬ ಶಬ್ದ ಹುಟ್ಟಿತು. ಆದರೆ ಈ ಉಪಾಯದಲ್ಲಿ ಒಂದು ಊನವಿತ್ತು. ಹಡಗು ಹೊರಟ ಊರಿನಲ್ಲಿ ರೋಗವಿದೆಯೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಹೇಗೆ? ನಾವಿಕರ ಮಾತನ್ನೋ ವರ್ತಕರು ತಂದ ಗಾಳಿಸುದ್ದಿಯನ್ನೋ ನಂಬಬೇಕಾಗಿತ್ತು. ನಿಜ ತಿಳಿಯದ ಕಡೆ ಭಯವೇ ಆಳುವುದು ಸಹಜ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಬೆಯ ಹಡಗುಗಳೂ ರೈಲುಗಳೂ ಬಂದ ಮೇಲೆ ರೋಗದ ಸಂಚಾರವೂ ತ್ವರಿತವಾಯಿತು. ಕಾಲರಾ ಬೇನೆಯು ಯೂರೋಪನ್ನು ಮತ್ತೆ ಮತ್ತೆ ಪೀಡಿಸಲು, ೧೮೫೧ರಲ್ಲಿ ೧೨ ರಾಷ್ಟ್ರಗಳು ಪ್ಯಾರಿಸಿನಲ್ಲಿ ಸಮ್ಮೇಳನ ನಡೆಸಿದುವು. ಕಾಲರಾ ಅಂಟುವ ರೋಗವೇ ಅಲ್ಲವೇ ಎಂಬುದರಲ್ಲಿಯೇ ಅಲ್ಲಿ ಒಮ್ಮತವಿರಲಿಲ್ಲ. ರಾಬರ್ಟ್ ಕಾಖ್ ಆ ರೋಗದ ಅಣುಜೀವಿಯನ್ನು ಗುರುತಿಸಿದ ಕೆಲವು ವರ್ಷಗಳ ತರುವಾಯ, ೧೮೯೨ರಲ್ಲಿ, ಮೊದಲನೆಯ ಒಪ್ಪಂದವು ವೆನಿಸಿನಲ್ಲಿ ಕೈಗೂಡಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿದಾಗ ವೆನಿಸಿನಲ್ಲಿಯೇ ಮರುವರ್ಷ ಮತ್ತೊಂದು ಸಮ್ಮೇಳನ ಸೇರಿ, ಪ್ಲೇಗಿನ ಸುದ್ದಿಯನ್ನು ರಾಷ್ಟ್ರಗಳು ಪರಸ್ಪರ ತಿಳಿಸಬೇಕೆಂದು ನಿರ್ಣಯಿಸಿತು. ಆ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ವಿಶಾಲವಾಗಿ ಬೆಳೆದುದಕ್ಕೆ ಅದೂ ಒಂದು ಕಾರಣವಾಯಿತು.

ಸುದ್ದಿಯು ರೋಗಕ್ಕಿಂತ ವೇಗವಾಗಿ ಓಡಿದರೆ ಮಾತ್ರ ಪ್ರಯೋಜನ. ೧೯೨೫ರಲ್ಲಿ ರಾಷ್ಟ್ರಸಂಘವು ಸಿಂಗಪುರದಲ್ಲಿ ಒಂದು ಕಚೇರಿಯನ್ನು ತೆರೆಯಿತು. ಏಷ್ಯದ ರೇವುಪಟ್ಟಣಗಳಿಂದ ಪ್ಲೇಗು, ಕಾಲರಾ, ಸಿಡುಬುಗಳ ಲೆಕ್ಕವು ವಾರವಾರವೂ ಅಲ್ಲಿಗೆ ತಂತಿಯ ಮೂಲಕ ಬರುತ್ತಿತ್ತು. ಕಚೇರಿಯು ಅದನ್ನು ಕ್ರೋಡೀಕರಿಸಿ ನಿಸ್ತಂತು ವಾರ್ತೆಯಾಗಿ ಪ್ರಸಾರ ಮಾಡುತ್ತಿತ್ತು. ೧೯೨೬ರಲ್ಲಿ ಜಿನೀವಾದಿಂದ ಒಂದು ಸಾಪ್ತಾಹಿಕ ರೋಗವಾರ್ತಾ ಪತ್ರಿಕೆಯೂ ಪ್ರಾರಂಭವಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಪ್ರಕಟಿಸುತ್ತಿದೆ.

೧೯೪೮ರಲ್ಲಿ ಹುಟ್ಟಿದ ಈ ಸಂಸ್ಥೆಯು ೧೯೫೧ರಲ್ಲಿ ಎಲ್ಲ ಹಳೆಯ ಒಪ್ಪಂದಗಳಿಗೆ ಬದಲಾಗಿ ಒಂದೇ ನಿಯಮಾವಳಿಯನ್ನು ರಚಿಸಿತು. ಪ್ಲೇಗು, ಕಾಲರಾ, ಹಳದಿ ಜ್ವರ, ಸಿಡುಬು, ಟೈಫಸ್, ಮರುಕಳಿಸುವ ಜ್ವರ ಎಂಬ ಆರು ರೋಗಗಳನ್ನು ಅದು ಕ್ವಾರಂಟೈನಿಗೆ ಅರ್ಹವೆಂದು ಹೆಸರಿಸಿತು. ತನ್ನಲ್ಲಿ ಇಂಥ ರೋಗ ಕಂಡ ಸುದ್ದಿ ತಲುಪಿದ ೨೪ ಗಂಟೆಗಳೊಳಗಾಗಿ ಸರಕಾರವು ಸಂಸ್ಥೆಗೆ ತಂತಿ ಕಳುಹಿಸತಕ್ಕದ್ದು. ಆಗ ಇಡೀ ದೇಶವಲ್ಲ, ರೋಗವಿರುವ ಜಿಲ್ಲೆಯೋ ನಗರವೋ ಬಂದರೋ ಮಾತ್ರ ‘ಸೋಂಕಿತ ಪ್ರದೇಶ’ವೆನಿಸುತ್ತಿತ್ತು.

ಆ ಹೆಸರು ಅಳಿಯುತ್ತಿದ್ದುದು ಯಾವಾಗ? ಇಲ್ಲಿ ಒಂದು ಸರಳವಾದ ಗಣಿತವಿದೆ. ರೋಗಾಣು ದೇಹವನ್ನು ಹೊಕ್ಕಂದಿನಿಂದ ರೋಗಲಕ್ಷಣ ತೋರುವವರೆಗಿನ ಅವಧಿಯನ್ನು ಕಾವಿನ ಅವಧಿಯೆನ್ನುತ್ತೇವೆ. ನಿಯಮಗಳಲ್ಲಿ ಅದು ಕಾಲರಾಕ್ಕೆ ೫ ದಿನ, ಪ್ಲೇಗಿಗೆ ೬, ಸಿಡುಬಿಗೆ ೧೪ ಎಂದು ಗೊತ್ತುಮಾಡಲಾಗಿತ್ತು. ಕೊನೆಯ ರೋಗಿಯು ಗುಣವಾದ, ಮಡಿದ ಅಥವಾ ಪ್ರತ್ಯೇಕಿಸಲ್ಪಟ್ಟ ದಿನದಿಂದ ಈ ಅವಧಿಯ ಎರಡರಷ್ಟು ಕಾಲ ಹೊಸ ರೋಗಿ ಕಾಣದಿದ್ದರೆ ಈ ಮೂರು ರೋಗಗಳಲ್ಲಿ ಪ್ರದೇಶವು ಶುದ್ಧವಾಯಿತೆಂದು ಭಾವಿಸುತ್ತಿದ್ದರು. ಎಂದರೆ ಕಾಲರಾಕ್ಕೆ ೧೦ ದಿನ, ಸಿಡುಬಿಗೆ ೨೮ ದಿನ. ಎರಡರಷ್ಟು ಏಕೆ? ಕೊನೆಯವನಿಂದ ಸೋಂಕು ಪಡೆದವನು ಯಾರ ಕಣ್ಣಿಗೂ ಬೀಳದೆ ಹೋಗಿದ್ದರೂ, ಆತನಿಂದ ಪಡೆದ ಇನ್ನೊಬ್ಬನಾದರೂ ಅಷ್ಟರಲ್ಲಿ ಬೆಳಕಿಗೆ ಬಂದಾನು ಎಂಬ ಎಚ್ಚರಿಕೆ.

ಹಳದಿ ಜ್ವರದ ಕಾವಿನ ಅವಧಿಯೂ ೬ ದಿನ. ಮೇಲೆ ಹೇಳಿದ ಆರು ದಿನಗಳ ಪ್ರತ್ಯೇಕವಾಸಕ್ಕೆ ಇದೇ ಆಧಾರ. ಆಫ್ರಿಕ, ದಕ್ಷಿಣ ಅಮೆರಿಕಗಳ ಉಷ್ಣ ಭಾಗಗಳಲ್ಲಿ ನೆಲಸಿರುವ ಈ ರೋಗವು ಭಾರತದಲ್ಲಿ ಬೇರೂರಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಡೆಂಗೆ ಜ್ವರವನ್ನು ತರುವ ಸೊಳ್ಳೆಯೇ, ನಮ್ಮ ಊರೂರಿನಲ್ಲಿಯೂ ಇದೆ. ಬತ್ತಿ ಸಿದ್ಧವಾಗಿದೆ, ಕಿಡಿಯೊಂದು ಬಂದಿಲ್ಲ. ಆದುದರಿಂದಲೇ ನಮ್ಮ ದೇಶಕ್ಕೆ ಇಷ್ಟೊಂದು ಕಟ್ಟುನಿಟ್ಟು.

ಇಷ್ಟು ಸುಲಭವಾದ ವ್ಯವಸ್ಥೆಯಲ್ಲಿ ತೊಡಕು ಎಲ್ಲಿ? ರೋಗಾಣುವಿನಲ್ಲಲ್ಲ, ಮನುಷ್ಯನಲ್ಲಿ. ರೋಗವಿದೆಯೆಂದು ಸತ್ಯ ನುಡಿದ ದೇಶಕ್ಕೆ ಬಹುಮಾನವಾಗಿ ದೊರೆಯುವುದು ಬಹಿಷ್ಕಾರ. ೧೯೯೧ರಲ್ಲಿ ಪೆರು ದೇಶದಲ್ಲಿ ಕಾಲರಾ ಹಬ್ಬಿದಾಗ ಅದರ ಮೀನು, ಹಣ್ಣುಗಳನ್ನು ಹಲವು ದೇಶಗಳು ನಿರಾಕರಿಸಿದುವು. ೧೯೯೪ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಕೆಲವು ದೇಶಗಳು ಭಾರತದ ವಿಮಾನಗಳನ್ನೂ ಸರಕುಗಳನ್ನೂ ತಡೆದುವು. ನಿಯಮಗಳಿಗೆ ಮೀರಿದ ಭಯ ಅದು. ಇಂಥ ದಂಡವನ್ನು ತೆರಬೇಕಾದಲ್ಲಿ ಬಡ ದೇಶವು ಮೌನವನ್ನು ಆರಿಸಿಕೊಂಡರೆ ಆಶ್ಚರ್ಯವೇನು? ೧೯೭೦ರಲ್ಲಿ ಗಿನಿ ದೇಶವು ತನ್ನಲ್ಲಿದ್ದ ಕಾಲರಾವನ್ನು ವರದಿ ಮಾಡದಿರಲು, ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬಹಿರಂಗಪಡಿಸಬೇಕಾಯಿತು. ಆದರೆ ಮುಚ್ಚಿಟ್ಟ ಕಾಲರಾ ಅಡಗಿ ಕೂಡುವುದಿಲ್ಲ. ನೆರೆಯವರು ನೀರನ್ನು ಶುದ್ಧಗೊಳಿಸಿ ಔಷಧವನ್ನು ಕೂಡಿಡಲು ದೊರೆಯಬಹುದಾಗಿದ್ದ ದಿನಗಳು ನಷ್ಟವಾಗುತ್ತವೆ, ಅಷ್ಟೆ.

ಎರಡನೆಯ ತೊಡಕು ಪಟ್ಟಿಯದು. ಆರು ರೋಗಗಳ ಪಟ್ಟಿ ೧೯೬೯ರಲ್ಲಿ ನಾಲ್ಕಕ್ಕೆ ಇಳಿಯಿತು. ಸಿಡುಬು ಭೂಮಿಯಿಂದಲೇ ನಿರ್ಮೂಲವಾಗಲು ೧೯೮೧ರಲ್ಲಿ ಮೂರಾಯಿತು. ೨೦೦೨ರ ಕೊನೆಯಲ್ಲಿ ದಕ್ಷಿಣ ಚೀನದಲ್ಲಿ ಸಾರ್ಸ್ ಎಂಬ ಹೊಸ ಶ್ವಾಸರೋಗ ಮೂಡಿದಾಗ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಇರುವುದಾದರೂ ಹೇಗೆ? ಅದು ಸುಮಾರು ೮,೦೦೦ ಜನರಿಗೆ ತಗಲಿ ೭೭೪ ಮಂದಿಯನ್ನು ಬಲಿ ತೆಗೆದುಕೊಂಡಿತು.

ಈ ಪಾಠದಿಂದ ೨೦೦೫ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದು ೨೦೦೭ರಲ್ಲಿ ಜಾರಿಗೆ ತಂದರು. ಈಗ ರೋಗದ ಹೆಸರೊಂದೇ ಮುಖ್ಯವಲ್ಲ. ಪರಿಣಾಮ ಗಂಭೀರವೇ? ಘಟನೆ ಅಸಾಮಾನ್ಯವೇ? ಗಡಿ ದಾಟೀತೇ? ಪ್ರಯಾಣ, ವ್ಯಾಪಾರಗಳಿಗೆ ತಡೆ ಬಂದೀತೇ? ಇವುಗಳಲ್ಲಿ ಎರಡಕ್ಕೆ ಹೌದೆಂಬ ಉತ್ತರ ಬಂದರೆ ವರದಿ ಮಾಡತಕ್ಕದ್ದು. ಪತ್ರಿಕೆಗಳಿಂದಲೋ ವೈದ್ಯರಿಂದಲೋ ಬಂದ ಸುದ್ದಿಯನ್ನು ಹಿಡಿದು ಸಂಸ್ಥೆಯು ಸರಕಾರವನ್ನು ಪ್ರಶ್ನಿಸಲೂಬಹುದು. ಅತಿಯಾದ ನಿರ್ಬಂಧ ಹೂಡುವ ದೇಶವು ಅದಕ್ಕೆ ವೈಜ್ಞಾನಿಕ ಕಾರಣ ಕೊಡಬೇಕೆಂದೂ ವಿಧಿಸಲಾಗಿದೆ.

ಆದರೂ ಹಳೆಯ ಭಯ ಹೋಗಿಲ್ಲ. ೨೦೨೧ರ ನವೆಂಬರ್ ೨೪ರಂದು ದಕ್ಷಿಣ ಆಫ್ರಿಕವು ಕೋವಿಡ್ ವೈರಸಿನ ಹೊಸ ರೂಪವೊಂದನ್ನು ಜಗತ್ತಿಗೆ ವರದಿ ಮಾಡಿತು. ಅದೇ ಮುಂದೆ ಒಮಿಕ್ರಾನ್ ಎನಿಸಿತು. ಕೆಲವೇ ದಿನಗಳಲ್ಲಿ ಅನೇಕ ರಾಷ್ಟ್ರಗಳು ಆ ದೇಶದ ವಿಮಾನಗಳಿಗೆ ಬಾಗಿಲು ಹಾಕಿದುವು. ವೈರಸಾದರೋ ಅಷ್ಟರಲ್ಲಿ ಬೇರೆ ಖಂಡಗಳನ್ನು ಸೇರಿಯಾಗಿತ್ತು.

ಭೂಪಟದಲ್ಲಿ ಒಂದು ಊರಿನ ಮೇಲೆ ರೋಗದ ಗುರುತು ಬಿದ್ದರೆ ಅದನ್ನು ಆ ಊರಿನ ಕಳಂಕವೆಂದು ಎಣಿಸುವುದು ಸಲ್ಲದು. ಅಲ್ಲಿ ರೋಗವನ್ನು ಗುರುತಿಸಬಲ್ಲ ವೈದ್ಯನೂ, ಅದನ್ನು ಮರೆಮಾಡದ ಅಧಿಕಾರಿಯೂ ಇದ್ದಾರೆಂದು ಆ ಗುರುತು ಸಾರುತ್ತದೆ. ಗುರುತೇ ಬೀಳದ ಪ್ರದೇಶಗಳಲ್ಲಿ ಕೆಲವು ನಿರೋಗಿಯಾದವು, ಕೆಲವು ಮೌನವಾದವು. ಇವೆರಡರ ಅಂತರವನ್ನು ಸೂಕ್ಷ್ಮದರ್ಶಕವೊಂದೇ ತೋರಿಸಲಾರದು. ಸತ್ಯ ಹೇಳಿದವರಿಗೆ ದಂಡದ ಬದಲು ನೆರವು ದೊರೆತಂದು ಅದು ತಾನಾಗಿ ಗೋಚರವಾದೀತು.